ಕೆಂಪು ಮೋಟಾರಿಗೆ ಮಂಜಿನ ದೀಪ

ಹವಳಗಾದ ಶಿವರಾಯನಿಗೆ ಮೋಟಾರು ನಡೆಸುವುದು ಬರುತ್ತಿತ್ತು. ನಡೆಸುತ್ತಿರುವಾಗ ಚಿಂತೆ ಬಿಡುವುದು ಮಾತ್ರ ಬರುತ್ತಿರಲಿಲ್ಲ. ಗಾಲಿಯಲ್ಲಿ ಗಾಳಿ ಸಾಕಷ್ಟಿದೆಯೇ, ಹಿಂದೆ ಏನೋ ಗಡಗಡ ಎಂದಿತೇ, ಈಗ ದಾಟಿ ಬಂದ ಮುದುಕನಿಗೆ ಧೂಳು ಬಡಿದು ಕೆಮ್ಮು ಹತ್ತಿತೇ ಎಂದು ಹಿಂದಿರುಗಿ ನೋಡುತ್ತ ಮುಂದಿನ ಎಮ್ಮೆಗೆ ಹಾಯುತ್ತಿದ್ದ. ಹಾಯ್ದ ಮೇಲೆ ಇಳಿದು ಎಮ್ಮೆಯ ಒಡೆಯನನ್ನು ಹುಡುಕಿ ಕ್ಷಮೆ ಕೇಳುತ್ತಿದ್ದ. ಒಡೆಯ ಸಿಗದಿದ್ದರೆ ಎಮ್ಮೆಯನ್ನೇ ಕೇಳುತ್ತಿದ್ದ.

ಮೋಟಾರು ಅವನಿಗೆ ಸೊಲ್ಲಾಪುರದಲ್ಲಿ ಸಿಕ್ಕಿತ್ತು. ಅಲ್ಲಿ ಒಂದು ಗಿರಣಿಯ ಕಚೇರಿಯಲ್ಲಿ ಕೆಲಸ ಮಾಡುತ್ತ, ಸಂಜೆಯ ಶಾಲೆಗೆ ಹೋಗಿ ಇಂಗ್ಲಿಷನ್ನೂ ವಿದ್ಯುತ್ತಿನ ಪಾಠವನ್ನೂ ಕಲಿತಿದ್ದ. ಪರೀಕ್ಷೆ ಪಾಸಾದಾಗ, ಮಾಸ್ತರರು ಹೆಸರು ಓದುವಲ್ಲಿ ತಪ್ಪಿರಬೇಕೆಂದು ಮರುದಿನ ಮತ್ತೆ ಹೋಗಿ ವಿಚಾರಿಸಿ ಬಂದವನು ಅವನು. ಸ್ವಾತಂತ್ರ್ಯ ಬಂದ ವರ್ಷ ಗಿರಣಿಯ ಇಂಗ್ಲಿಷ್ ಸಾಹೇಬ ಸಾಮಾನೆಲ್ಲ ಮಾರಿ ವಿಲಾಯಿತಿಗೆ ಹೊರಟ. ಅವನ ಗ್ರಾಮಾಫೋನಿಗೆ, ಬೆತ್ತದ ಕುರ್ಚಿಗಳಿಗೆ ಜನ ಮುಗಿಬಿದ್ದರು. ತಲೆಯ ಮೇಲೆ ಚಾವಣಿಯಿಲ್ಲದ, ಕೆಂಪು ಬಣ್ಣದ, ಉದ್ದ ಮೂತಿಯ, ನೆಲಕ್ಕೆ ಹೊಟ್ಟೆ ಹಚ್ಚಿ ಕೂತಂತಿದ್ದ ಅವನ ರೇಸಿನ ಮೋಟಾರನ್ನು ಮಾತ್ರ ಯಾರೂ ಕೇಳಲಿಲ್ಲ. ಅದರಲ್ಲಿ ಇಬ್ಬರೇ ಕೂಡಬಹುದಿತ್ತು.

ಅದಕ್ಕಾಗಿಯೇ ಶಿವರಾಯ ಅದನ್ನು ಕೊಂಡು ಊರಿಗೆ ತಂದ.

ಅವನ ಮನೆ ದೊಡ್ಡ ವಾಡೆ. ಕಂಬಕ್ಕೊಬ್ಬ ಮುದುಕ, ಒಲೆಗೊಬ್ಬ ಅತ್ತೆ, ಬಾಗಿಲಿಗೊಬ್ಬ ನೆಂಟ. ಲಗ್ನವಾಗಿ ವರ್ಷ ಕಳೆದರೂ ಹಗಲಿನಲ್ಲಿ ಅವನೂ ಹೆಂಡತಿ ಶಿವಕಾಂತಾಳೂ ಆಡಿದ ಮಾತು “ನೀರು ಇಡ್ಲೇನ್ರಿ?”, “ಇಡು” ಎಂಬುದರಾಚೆ ಹೋಗಿರಲಿಲ್ಲ. ಇಬ್ಬರೂ ಬಂಡಿ ಕಟ್ಟಿಸಿಕೊಂಡು ಎಲ್ಲಿಗಾದರೂ ಹೊರಟರೆ ತಾಯಿ ಗುರುಬಾಯಿ ಏರುತ್ತಿದ್ದಳು, ಅವಳ ಹಿಂದೆ ಅತ್ತೆಯರು ಏರುತ್ತಿದ್ದರು, ಕೊನೆಗೆ ಯಾರದೋ ಮನೆಗೆ ಮುಟ್ಟಿಸಬೇಕಾದ ಉಪ್ಪಿನಕಾಯಿ ಭರಣಿ ಗಂಡ ಹೆಂಡಿರ ನಡುವೆ ಬಂದು ಕೂಡುತ್ತಿತ್ತು. ಈ ಮೋಟಾರಿನಲ್ಲಿ ಭರಣಿಗೂ ಜಾಗವಿರಲಿಲ್ಲ.

ಆದರೆ ಇಬ್ಬರೂ ಕೂಡಿ ಹೊರಟ ಮೊದಲನೆಯ ಸವಾರಿಯೇ ಕೆಟ್ಟಿತು. ದೀಪಾವಳಿಗೆ ಇಜೇರಿಯ ತವರಿಗೆ ಹೋದವಳನ್ನು ಕರೆತರಲು ಶಿವರಾಯ ಮೋಟಾರು ಒಯ್ದ. ನಸುಕಿನಲ್ಲಿ ಹೊರಟರು. ಭೀಮೆಯ ದಂಡೆಗೆ ಬಂದಾಗ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಮೋಟಾರಿನ ಮೂತಿಯೇ ಕಾಣಲಿಲ್ಲ. ದಾರಿ ಬಲಕ್ಕೆ ಹೊರಳಿತು, ಮೋಟಾರು ಹೊರಳಲಿಲ್ಲ. ತೊಗರಿ ಹೊಲಕ್ಕೆ ನುಗ್ಗಿ ಎರೆಮಣ್ಣಿನಲ್ಲಿ ಕೂತಿತು. ಶಿವಕಾಂತಾ ತಲೆಯೊಳಗಿನ ತೊಗರಿ ಎಲೆಗಳನ್ನು ಕೊಡವಿಕೊಂಡು ಕೆಳಗಿಳಿದಳು.

“ಮಂಜಿನ್ಯಾಗ ಕಣ್ಣ ಕಾಣೋ ಹಂಗ ಮಾಡ್ಕೊಂಡ ಬರ್ರಿ, ಆಮ್ಯಾಗ ಕೂಡ್ತೇನಿ. ಈ ಕುರುಡ ಮೋಟಾರಿನ್ಯಾಗ ನಾ ಒಲ್ಲೆ” ಎಂದವಳೇ ಗಂಟು ಬಗಲಿಗೆ ಏರಿಸಿ ತವರಿನ ದಾರಿ ಹಿಡಿದಳು.

ಅಂದಿನಿಂದ ಹವಳಗಾದಲ್ಲಿ ಆ ಮೋಟಾರಿಗೆ ಕುರುಡು ಮೋಟಾರು ಎಂದೇ ಹೆಸರು.

ಪುಷ್ಯದ ಚಳಿ ಹತ್ತಿರ ಬಂತು. ಎಳ್ಳು ಅಮಾವಾಸ್ಯೆಗೆ ವಾರವಷ್ಟೇ ಉಳಿಯಿತು. ಆ ದಿನ ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಸಜ್ಜಿ ರೊಟ್ಟಿ, ಬಜ್ಜಿ, ಕಡುಬಿನ ಎಡೆಯನ್ನು ಬೆಳೆಗೆಲ್ಲ ಚರಗವೆಂದು ಚೆಲ್ಲಿ, ಅಲ್ಲೇ ಕೂತು ಉಂಡು ಬರಬೇಕು. ಎಡೆಯ ಬುಟ್ಟಿ ಹೊರುವವಳು ಮನೆಯ ಸೊಸೆ.

“ಸೊಸಿ ಇಲ್ಲದ ಚರಗ ಚೆಲ್ಲಿದ್ರ ಊರ ಮಂದಿ ಏನಂದಾರು? ಬೀರಣ್ಣಗ ಬಂಡಿ ಕೊಟ್ಟ ಕಳಸು, ಕರ್ಕೊಂಡ ಬರ್ತಾನ” ಎಂದಳು ಗುರುಬಾಯಿ.

“ಬಂಡಿ ಬ್ಯಾಡವ್ವ. ಒಮ್ಮೆ ಬಂಡ್ಯಾಗ ಬಂದಳಂದ್ರ ಮುಗೀತು, ಜಲ್ಮದಾಗ ಮೋಟಾರ ಹತ್ತಂಗಿಲ್ಲ.”

“ಹತ್ತದಿದ್ರ ಏನ ಮುಳುಗ್ತದ?”

ಏನು ಮುಳುಗುತ್ತದೆಂದು ತಾಯಿಗೆ ಹೇಳುವುದು ಹೇಗೆ? ಶಿವರಾಯ ಎದ್ದು ಹೊರಗೆ ನಡೆದ.

ವಿಲಾಯಿತಿಯಲ್ಲಿ ಮಂಜಿಗೆಂದೇ ಬೇರೆ ದೀಪ ಇರುತ್ತವೆ, ಅವನ್ನು ಮೋಟಾರಿನ ಮುಂದೆ ತೀರ ತಗ್ಗಿನಲ್ಲಿ ಕೂಡಿಸುತ್ತಾರೆ ಎಂದು ಅವನು ಸಂಜೆಯ ಶಾಲೆಯಲ್ಲಿ ಕೇಳಿದ್ದ. ಸೊಲ್ಲಾಪುರದ ಗೆಳೆಯನಿಗೆ ಹೇಳಿ ಕಳಿಸಿದ್ದ. ಈಗ ಸೊಲ್ಲಾಪುರ ಸ್ವತಂತ್ರವಾದ ದೇಶದ್ದು, ಆಳಂದವೂ ಹವಳಗಾವೂ ಇನ್ನೂ ನವಾಬರ ರಾಜ್ಯದವು, ನಡುವೆ ತಪಾಸಣೆಯ ನಾಕಾ. ನಾಕಾದವರು ಮೋಟಾರಿನ ಸಾಮಾನು ಕಂಡರೆ ಮೋಟಾರು ಎಲ್ಲಿ, ಮಾಲೀಕ ಯಾರ ಕಡೆಯವನು ಎಂದು ಹಿಡಿದು ಕೂಡಿಸಿಕೊಂಡುಬಿಡುವ ಕಾಲ. ಹಾಗಾಗಿ ದೀಪಗಳು ಬಂಡಿಯಲ್ಲಿ, ಬೆಲ್ಲದ ಪೆಂಟಿಗಳ ನಡುವೆ ಹುದುಗಿಕೊಂಡು ಆಳಂದದ ಸಂತೆಗೆ ಬಂದವು. ಇದು ಕಳ್ಳತನವೇ ಅಲ್ಲವೇ ಎಂದು ಚಿಂತಿಸುತ್ತ ಶಿವರಾಯ ಅವನ್ನು ಹೊದಿಕೆಯಲ್ಲಿ ಸುತ್ತಿ ಮನೆಗೆ ತಂದ. ಬಿಚ್ಚಿ ನೋಡಿದರೆ ಜೋಡಿ ದೀಪ, ಒಂದು ಸುರುಳಿ ತಂತಿ, ಒಂದು ಗುಂಡಿ, ಮತ್ತು ಆಳಂದದಿಂದ ಜೊತೆಗೇ ಪ್ರಯಾಣ ಮಾಡಿದ ಇರುವೆಗಳ ಒಂದು ಇಡೀ ಊರು.

ವಾಡೆಯ ಅಂಗಳದಲ್ಲಿ ಚಾಪೆ ಹಾಸಿ ಶಿವರಾಯ ಮೋಟಾರಿನ ಮೂತಿಯ ಕೆಳಗೆ ಅಂಗಾತ ಮಲಗಿದ. ದೀಪದ ಹಿಡಿಕೆಗಳು ಮುಂದಿನ ಪಟ್ಟಿಗಿಂತ ದೊಡ್ಡವಾಗಿದ್ದವು; ಎಷ್ಟು ಬಿಗಿದರೂ ದೀಪ ತಲೆ ತೂಗುತ್ತಿತ್ತು. ಎತ್ತಿನ ಕೊರಳಪಟ್ಟಿಯ ತೊಗಲು ಕತ್ತರಿಸಿ ನಡುವೆ ತುರುಕಿ ನಟ್ಟು ತಿರುವುವ ಪಾನಾದಿಂದ ಬಿಗಿದ ಮೇಲೆ ಗಟ್ಟಿಯಾಗಿ ನಿಂತವು.

“ಸಣ್ಣ ಗೌಡ್ರ, ಅದು ನಮ್ಮ ಮಾಸ ಬಣ್ಣದ ಎತ್ತಿನ ಪಟ್ಟಿ” ಎಂದ ಬೀರಣ್ಣ. ಅವನು ಮನೆಯ ಬಂಡಿ ಹೊಡೆಯುವವನು. ಮೋಟಾರು ಬಂದ ದಿನದಿಂದ ಅದನ್ನು ಸವತಿಯನ್ನು ನೋಡಿದಂತೆ ನೋಡುತ್ತಿದ್ದ.

“ಹೊಸಾದು ಕೊಡಸ್ತೇನಿ, ಬೀರಣ್ಣ. ತಪ್ಪಾತು.”

“ನನಗ್ಯಾಕ ಹೇಳ್ತೀರಿ, ಎತ್ತಿಗೆ ಹೇಳ್ರಿ. ಅಲ್ರಿ, ಇಷ್ಟ ಕೆಳಗ ಕಟ್ಟಿದ್ರ ಹಾವು ಚೇಳು ಕಾಣಸ್ತಾವ. ದಾರಿ ಹ್ಯಾಂಗ ಕಾಣಸ್ತದ?”

“ಬೆಳಕು ಮಂಜಿನ ಕೆಳಗ ಹಾದು ಹೋಗಬೇಕು. ಹಂಗ ಅದ ಶಾಸ್ತ್ರ.”

“ಮಂಜಿಗೆ ಗೊತ್ತದೇನ್ರಿ ಆ ಶಾಸ್ತ್ರ?”

ಗೊತ್ತಿದೆಯೋ ಇಲ್ಲವೋ, ಶಿವರಾಯನಿಗೂ ಖಾತ್ರಿಯಿರಲಿಲ್ಲ. ತಂತಿಯನ್ನು ಮೂತಿಯೊಳಗಿಂದ ಎಳೆದು, ಬ್ಯಾಟರಿಗೆ ಮುಟ್ಟಿಸಿ, ಗುಂಡಿಯನ್ನು ಕೈಯಲ್ಲಿ ಹಿಡಿಯುವ ಚಕ್ರದ ಪಕ್ಕದಲ್ಲಿ ಕೂಡಿಸಿದ. ಪ್ರತಿಯೊಂದು ಗಂಟನ್ನೂ ಕಟ್ಟಿ, ಬಿಚ್ಚಿ, ಸರಿಯಾಗಿಯೇ ಇತ್ತೆಂದು ಕಂಡು ಮತ್ತೆ ಕಟ್ಟಿದ. ಈ ಕಟ್ಟು ಬಿಚ್ಚುಗಳ ನಡುವೆ ಯಾವುದೋ ತಂತಿ ಯಾವುದೋ ಮನೆ ಸೇರಿತು.

ಪರೀಕ್ಷೆ ಮಾಡಲು ಮಂಜು ಬೇಕು. ಮಧ್ಯಾಹ್ನದ ಬಿಸಿಲಿಗೆ ಅಂಗಳ ಬೆಳ್ಳಗೆ ಹೊಳೆಯುತ್ತಿತ್ತು. ಶಿವರಾಯ ಯೋಚಿಸಿ ಯೋಚಿಸಿ ಸೆಗಣಿ ಕುಳ್ಳಿನ ಬೆಂಕಿ ಮಾಡಿಸಿ, ಅದರ ಮೇಲೆ ಬೇವಿನ ಹಸಿ ಟೊಂಗೆಗಳನ್ನು ಹಾಕಿಸಿದ. ಹೊಗೆ ಎದ್ದಿತು. ಮೊದಲು ಅಂಗಳ ಮುಳುಗಿತು, ಆಮೇಲೆ ಪಡಸಾಲೆ. ಕಂಬಕ್ಕೊರಗಿದ್ದ ಮುದುಕರು ಕೆಮ್ಮುತ್ತ ಬೀದಿಗೆ ಹೊರಟರು. ಶಿವರಾಯ ದೇವರನ್ನು ನೆನೆದು ಗುಂಡಿ ಒತ್ತಿದ.

ದೀಪ ಹತ್ತಲಿಲ್ಲ. ಹಾರ್ನು ಹತ್ತಿತು.

ಅದು ಸಾಹೇಬನ ಹಾರ್ನು; ಕೋಣವನ್ನು ಬಾವಿಗೆ ಇಳಿಬಿಟ್ಟಂತಹ ದನಿ. ಗುಂಡಿ ಬಿಟ್ಟರೂ ನಿಲ್ಲಲಿಲ್ಲ. ಕೊಟ್ಟಿಗೆಯಲ್ಲಿ ಎತ್ತುಗಳು ಗೂಟ ಕೀಳಲು ನೋಡಿದವು. ಗಾಬರಿಯಲ್ಲಿ ಶಿವರಾಯ ಹಾರ್ನಿನ ಗುಂಡಿ ಒತ್ತಿದರೆ ಆಗ ದೀಪ ಹತ್ತಿದವು. ಅವನು ಕೆಳಗಿಳಿದು ತಂತಿ ಕೀಳಲು ಮೂತಿಯ ಮುಂದೆ ಬಗ್ಗಿದ್ದೇ ತಡ, ತಲೆಯ ಮೇಲೆ ಒಂದು ಕೊಡ ನೀರು ಬಿತ್ತು.

ನೆರೆಮನೆಯ ಅಖ್ತರಬೇಗಂ ಖಾಲಿ ಕೊಡ ಹಿಡಿದು ಹೊಗೆಯೊಳಗಿಂದ ಹೊರಬಂದಳು.

“ಯಾ ಅಲ್ಲಾ! ಗುರುಬಾಯಿ ಮನೀಗೆ ಬೆಂಕಿ ಬಿತ್ತಂತ ನೀರ ತಗೊಂಡ ಓಡಿ ಬಂದ್ರ, ನೀ ಹೊಗಿಯೊಳಗ ಭೋಂಗಾ ಊದಕೋತ ನಿಂತೀಯಲ್ಲೋ ಬೇಟಾ!”

“ತಪ್ಪಾತ್ರಿ ಖಾಲಾ. ಮಂಜ ಮಾಡಾಕತ್ತಿದ್ದೆ.”

“ಮಂಜ? ಮಾಡಾಕತ್ತಿದ್ದಿ?” ಅವಳು ಗುರುಬಾಯಿಯ ಕಡೆ ತಿರುಗಿದಳು. “ಬಹೂನ್ನ ಜಲ್ದಿ ಕರಸವ್ವ. ಹುಡುಗನ ತಲಿ ನೆಟ್ಟಗ ಉಳಿಯೂದಿಲ್ಲ.”

ತಂತಿ ಅದಲು ಬದಲು ಮಾಡಿದ ಮೇಲೆ ದೀಪ ತಮ್ಮ ಗುಂಡಿಗೆ ಹತ್ತಿದವು. ಆದರೆ ಬೆಳಕು ಬಿಳಿ. ಬಿಳಿ ಹೊಗೆಗೆ ಬಡಿದು ಸುಣ್ಣದ ಗೋಡೆಯಂತೆ ಕಣ್ಣೆದುರು ನಿಂತಿತು. ಮಂಜಿನ ದೀಪ ಹಳದಿ ಇರಬೇಕೆಂದು ಮಾಸ್ತರರು ಹೇಳಿದ್ದು ಅವನಿಗೆ ಆಗ ನೆನಪಾಯಿತು. ಹಳದಿ ಗಾಜನ್ನು ಎಲ್ಲಿಂದ ತರುವುದು? ಅವನು ತಲೆ ಹಿಡಿದು ಕೂತ.

“ಪೂಜಿ ಇಲ್ಲದ ಹೊಸ ದೀಪ ಹಚ್ಚಿದ್ರ ಹಿಂಗೇ ಆಗೂದು” ಎಂದು ಗುರುಬಾಯಿ ತಟ್ಟೆ ಹಿಡಿದು ಬಂದಳು. ಅರಿಶಿನವನ್ನು ಕುಸುಬಿ ಎಣ್ಣೆಯಲ್ಲಿ ಕಲಸಿ, ಮದುಮಗಳ ಕೆನ್ನೆಗೆ ಹಚ್ಚಿದಂತೆ ಎರಡೂ ಗಾಜಿಗೆ ಧಾರಾಳವಾಗಿ ಬಳಿದಳು. ನಡುವೆ ರೂಪಾಯಿಯಗಲದ ಕುಂಕುಮ ಇಟ್ಟಳು. “ಈಗ ಹಚ್ಚು.”

ಹಚ್ಚಿದ. ಹಳದಿ! ಬಂಗಾರದಂತಹ, ಮೆತ್ತನೆಯ ಹಳದಿ ಬೆಳಕು. ಶಿವರಾಯ ಸೀಟಿನಿಂದ ಇಳಿದು ಓಡಿಹೋಗಿ ಮುಂದೆ ನಿಂತು ನೋಡಿದ. ಗುರುಬಾಯಿ ನೋಡಿದಳು, ಅಖ್ತರಬೇಗಂ ನೋಡಿದಳು.

“ಕಾಣಸ್ತದ್ರಿ ಗೌಡ್ರ!” ಎಂದು ಹೊಗೆಯ ಆ ತುದಿಯಿಂದ ಬೀರಣ್ಣ ಕೂಗಿದ. “ನಿಚ್ಚಳ ಕಾಣಸ್ತದ!”

ಎಲ್ಲರಿಗೂ ಸಂತೋಷವಾಯಿತು. ಎಲ್ಲರೂ ಮುಂದೆ ನಿಂತು ದೀಪವನ್ನು ನೋಡಿದರೇ ಹೊರತು, ಸೀಟಿನಲ್ಲಿ ಕೂತು ದಾರಿಯನ್ನು ಒಬ್ಬರೂ ನೋಡಿರಲಿಲ್ಲ. ಈ ಮಾತು ಶಿವರಾಯನಿಗೆ ಹೊಳೆದದ್ದು ಮರುದಿನ ಬೆಳಗಿನಲ್ಲಿ, ಊರು ಬಿಟ್ಟು ಬಹಳ ದೂರ ಬಂದ ಮೇಲೆ.

ಆ ವರ್ಷದ ದಾಂಧಲೆಗೆ ಹೆದರಿ ಕತ್ತಲಾದ ಮೇಲೆ ಯಾರೂ ದಾರಿ ನಡೆಯುತ್ತಿರಲಿಲ್ಲ. ಬೆಳಗಾಗುತ್ತಲೇ ಹೊರಟು ಹೊತ್ತು ಮುಳುಗುವುದರೊಳಗೆ ಊರು ಸೇರಬೇಕು. ಸೊನ್ನದ ಹತ್ತಿರ ಭೀಮೆಯನ್ನು ಹಾಯಬೇಕು. ಅಲ್ಲಿಯ ಉಸುಕಿನಲ್ಲಿ ಯಾವ ಮೋಟಾರೂ ತಾನಾಗಿ ದಾಟಿದ್ದಿಲ್ಲ, ಎತ್ತು ಕಟ್ಟಿಯೇ ಎಳೆಸುವುದು. ಅದಕ್ಕೆ ಬೀರಣ್ಣ ಹಿಂದಿನ ದಿನ ಹೊತ್ತಿರುವಾಗಲೇ ಎತ್ತು ಹೊಡೆದುಕೊಂಡು ಹೋಗಿ ಹೊಳೆ ದಂಡೆಯಲ್ಲಿ ಕಾಯುತ್ತಿದ್ದ.

ದಂಡೆ ಸಮೀಪಿಸಿದಂತೆ ಮಂಜು ಬಂತು. ಶಿವರಾಯ ದೀಪ ಹಚ್ಚಿದ. ಮಂಜು ಬೆಳ್ಳಗಿದ್ದದ್ದು ಹಳದಿಯಾಯಿತು, ಅಷ್ಟೆ. ದಾರಿ ಮೊದಲು ಎಷ್ಟು ಕಾಣುತ್ತಿತ್ತೋ ಈಗಲೂ ಅಷ್ಟೇ. ಅರಿಶಿನ ದಪ್ಪವಾಯಿತೇ? ದೀಪ ತಗ್ಗಾದವೇ? ತೊಗಲು ಸಡಿಲಾಗಿ ಬೆಳಕು ಆಕಾಶ ನೋಡುತ್ತಿದೆಯೇ? ಮನುಷ್ಯ ನಡೆಯುವುದಕ್ಕಿಂತ ಮೆಲ್ಲಗೆ ಮೋಟಾರು ಬಿಡುತ್ತ, ಈ ಸಲವೂ ಅವಳಿಗೆ ಏನು ಮುಖ ತೋರಿಸಲಿ ಎಂದು ಹಣೆ ಒರೆಸಿಕೊಂಡ.

ಹೊಳೆಗೆ ನೀರಿಗೆ ಬಂದ ಹೆಂಗಸರಿಗೆ ಮಾತ್ರ ಬೇರೆಯೇ ಕಂಡಿತು. ಮಂಜಿನೊಳಗಿಂದ, ನೆಲದ ಮಟ್ಟದಲ್ಲಿ, ಅರಿಶಿನ ಬಳಿದು ಕುಂಕುಮ ಇಟ್ಟ ಎರಡು ದುಂಡು ಮುಖಗಳು ಬೆಳಗುತ್ತ, ಗುಡುಗುಡು ಎನ್ನುತ್ತ, ಮೆಲ್ಲಗೆ ಬರುತ್ತಿವೆ!

“ತಾಯೇ! ಹೊಳೆವ್ವ ಬಂದಾಳ! ಅಕ್ಕ ತಂಗಿ ಕೂಡೇ ಬಂದಾರ!” ಎಂದು ಎಲ್ಲರಿಗಿಂತ ಹಿರಿಯಳಾದ ನಿಂಬೆವ್ವ ಕೊಡ ಬಿಟ್ಟು ದಾರಿಯಲ್ಲೇ ಅಡ್ಡಬಿದ್ದಳು. ಉಳಿದವರೂ ಬಿದ್ದರು. ಶಿವರಾಯ ಬ್ರೇಕು ತುಳಿದು, ಮೋಟಾರು ಬಂದ್ ಮಾಡಿ, ಹಾರಿ ಇಳಿದ.

“ಏಳ್ರವ್ವ, ಏಳ್ರಿ! ಇದು ಹೊಳೆವ್ವ ಅಲ್ಲ, ಮೋಟಾರ!”

ನಿಂಬೆವ್ವ ತಲೆಯೆತ್ತಿ ಅವನನ್ನೂ ಮೋಟಾರನ್ನೂ ನೋಡಿದಳು. ಎದ್ದು ಮೋಟಾರನ್ನು ಸುತ್ತಿ ಬಂದಳು. ಆಮೇಲೆ ತೀರ್ಪು ಕೊಟ್ಟಳು. “ಹಿಂದ ಮೋಟಾರ ಇರಬಹುದು. ಮುಂದ ತಾಯೀನೇ ಇದ್ದಾಳ. ನಿನಗೇನ ಗೊತ್ತಾಗ್ತದ, ನೀ ಹಿಂದ ಕುಂತಾಂವ.”

ಅಷ್ಟರಲ್ಲಿ ಯಾರೋ ಊರೊಳಗೆ ಓಡಿದ್ದರು. ಆರತಿ ತಟ್ಟೆಗಳು ಬಂದವು, ಚೆಂಡುಹೂವು ಬಂತು, ತೆಂಗಿನಕಾಯಿ ಬಂದವು. ಬ್ಯಾಟರಿಯ ನೆನಪಾಗಿ ಅವನು ಗುಂಡಿಗೆ ಕೈ ಹಾಕಿದ.

“ಏನ ಮಾಡಾಕತ್ತಿ?” ಎಂದಳು ನಿಂಬೆವ್ವ.

“ಸ್ವಲ್ಪ ದೀಪ ಆರಸ್ತೇನ್ರಿ. ಎಂಜಿನ್ ನಿಂತಾಗ ದೀಪ ಉರದ್ರ—”

“ಆರಸ್ತಿ? ಹೆಣ್ಮಕ್ಕಳು ಆರತಿ ಹಿಡದು ನಿಂತಾಗ, ಹಚ್ಚಿದ ದೀಪ ಆರಸ್ತಿ? ನಿನ್ನ ಹಡದಾಕಿ ಇದನ್ನೇ ಕಲಿಸ್ಯಾಳೇನು?”

ಹಡೆದವಳು ಅದನ್ನು ಕಲಿಸಿರಲಿಲ್ಲ. ಅವರ ಮನೆಯಲ್ಲೂ ದೇವರ ದೀಪವನ್ನು ಕೈಯಾರೆ ಯಾರೂ ಆರಿಸುತ್ತಿರಲಿಲ್ಲ. ಶಿವರಾಯ ಕೈ ಹಿಂದಕ್ಕೆ ತೆಗೆದುಕೊಂಡ. ಎಂಜಿನ್ನಾದರೂ ಶುರು ಮಾಡೋಣವೆಂದರೆ, “ತಾಯಿ ಮುಂದ ಗುರ್ರ್ ಅನಸಬ್ಯಾಡ” ಎಂದರು. ಒಂದು ಓಣಿಯವರದು ಮುಗಿಯಿತೆನ್ನುವಾಗ ಇನ್ನೊಂದು ಓಣಿಯವರು ಬಂದರು. ಮಕ್ಕಳಾಗದವರು ಬಂದರು, ಎಮ್ಮೆ ಕಳೆದವರು ಬಂದರು. ಮೂತಿಯ ಮಟ್ಟಕ್ಕೆ ಬಗ್ಗಿ ಎಲ್ಲರೂ ಮತ್ತಷ್ಟು ಅರಿಶಿನ ಹಚ್ಚಿದರು. ಮಂಜು ಕರಗಿ ಬಿಸಿಲು ಬಂದ ಮೇಲೆ, ತಾಯಂದಿರಿಬ್ಬರೂ ಕೆಂಪಾಗಿ, ಮಂಕಾಗಿ, ತಮ್ಮಷ್ಟಕ್ಕೆ ತಾವೇ ಶಾಂತರಾದರು.

“ಹೋದಳು ತಾಯಿ” ಎಂದು ನಿಂಬೆವ್ವ ಕೈಮುಗಿದಳು. “ಈಗ ನಿನ್ನ ಮೋಟಾರ ನೀ ಒಯ್ಯಪ್ಪ.”

ಮೋಟಾರು ಒಮ್ಮೆ ಬಿಕ್ಕಿತು. ಆಮೇಲೆ ಬಿಕ್ಕಲೂ ಇಲ್ಲ. ಹಿಡಿಕೆ ಹಾಕಿ ತಿರುವಿ ತಿರುವಿ ಶಿವರಾಯನ ರಟ್ಟೆ ಸೋತಿತು.

ದಂಡೆಯಲ್ಲಿ ಕೂತು ಎಲ್ಲವನ್ನೂ ನೋಡುತ್ತಿದ್ದ ಬೀರಣ್ಣ ಎದ್ದು ಬಂದ. ಅವನ ಮುಖದಲ್ಲಿ ಬಹಳ ದಿನಗಳ ಮೇಲೆ ಸಮಾಧಾನ ಕಾಣುತ್ತಿತ್ತು. “ಹೊಳಿ ತನಕಾ ಅಂತ ಎತ್ತು ತಂದಿದ್ದೆ” ಎಂದ, ಹಗ್ಗ ಬಿಚ್ಚುತ್ತ. “ಇಜೇರಿ ತನಕಾ ಅನ್ರಿ.”

ಇಜೇರಿಯಲ್ಲಿ ಆ ಸಂಜೆ ಯಾರೂ ಮನೆಯೊಳಗೆ ಉಳಿಯಲಿಲ್ಲ. ಜೋಡೆತ್ತು ಮುಂದೆ, ಬೀರಣ್ಣ ಪಕ್ಕದಲ್ಲಿ, ಹಿಂದೆ ಹೂವು, ಕುಂಕುಮ, ಕಾಯಿಯ ನೀರಿನಿಂದ ಮೆತ್ತಿಹೋದ ರೇಸಿನ ಮೋಟಾರು, ಅದರೊಳಗೆ ಚಕ್ರವನ್ನು ಎರಡೂ ಕೈಯಿಂದ ಬಿಗಿಹಿಡಿದ ಅಳಿಯ. ಮಾವ ದೌಲತರಾಯ ಕಟ್ಟೆಯಿಂದ ಇಳಿದು ಬಂದು ಎತ್ತುಗಳನ್ನೂ ಮೋಟಾರನ್ನೂ ಗಂಭೀರವಾಗಿ ನೋಡಿದ.

“ಬರ್ರಿ ಅಳಿಯಂದ್ರ. ಇದಕ್ಕ ಪೆಟ್ರೋಲ ಹಾಕಸ್ಲೋ, ಹಿಂಡಿ ಹಾಕಸ್ಲೋ?”

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಬಾಗಿಲಲ್ಲಿ ನಿಂತಿದ್ದ ಶಿವಕಾಂತಾ ನಗಲಿಲ್ಲ. ಸೆರಗಿನ ತುದಿ ಬಾಯಿಗೆ ಒತ್ತಿಕೊಂಡಿದ್ದಳು. ಊಟವಾದ ಮೇಲೆ ಅವಳು ಎಲೆ ಅಡಿಕೆ ತಂದಿಟ್ಟಾಗ ಶಿವರಾಯ ತಲೆ ತಗ್ಗಿಸಿಯೇ ಹೇಳಿದ.

“ದೀಪ ನಾನೇ ಕೂಡಸೇನಿ. ಮಂಜಿನ್ಯಾಗ ಅವು ಛಲೋ ಕಾಣಸ್ತಾವ. ಆದ್ರ ಅವುಗಳಿಂದ ದಾರಿ ಕಾಣಸಂಗಿಲ್ಲ. ಖರೇ ಹೇಳಬೇಕಲ್ಲ. ನಾಳೆ ನೀ ನಿಮ್ಮಪ್ಪನ ಬಂಡ್ಯಾಗ ಬಾ. ನಾ ಹಿಂದಿನಿಂದ ಬರ್ತೇನಿ.”

ಅವಳು ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಸೋತೆ ಎಂದುಕೊಂಡು ಶಿವರಾಯ ಗೋಡೆಗೆ ಮುಖ ಮಾಡಿ ಮಲಗಿದ.

ಬೆಳಗಿನಲ್ಲಿ ಊರೆಲ್ಲ ಮಂಜು. ದೌಲತರಾಯನ ಬಂಡಿ ಬಾಗಿಲಿಗೆ ಬಂದು ನಿಂತಿತು. ಮಗಳನ್ನು ಬಿಟ್ಟು ಬರಲು ಅವಳ ತಾಯಿ ಸುಭದ್ರಾಬಾಯಿ ಏರಿದಳು. ಅಫಜಲಪುರದಲ್ಲಿ ಇಳಿಯುವ ದೊಡ್ಡಮ್ಮ ಏರಿದಳು. ದೊಡ್ಡಮ್ಮನ ಮೊಣಕಾಲು ನೋವಿಗೆ ಜೊತೆಯಾಗಿ ಇನ್ನೊಬ್ಬಳು ಏರಿದಳು. ರೊಟ್ಟಿಯ ಬುಟ್ಟಿ, ಶೇಂಗಾ ಹಿಂಡಿಯ ಡಬ್ಬಿ, ಒಂದು ಆಡಿನ ಮರಿ ಏರಿದವು. ಶಿವಕಾಂತಾ ಬಂಡಿಯ ಚಕ್ರದ ಮೇಲೆ ಒಂದು ಕಾಲಿಟ್ಟು ಒಳಗೆ ನೋಡಿದಳು. ಕಾಲು ತೆಗೆದಳು. ಹಿಂದೆ ಎತ್ತು ಕಟ್ಟಿಕೊಂಡು ನಿಂತಿದ್ದ ಮೋಟಾರಿನ ಹತ್ತಿರ ಬಂದಳು.

“ಇದನ್ನೂ ಎತ್ತೇ ಎಳೀತಾವಲ್ರಿ?”

“ಹೂಂ” ಎಂದ ಶಿವರಾಯ.

“ಎತ್ತಿಗೆ ಮಂಜಿನ್ಯಾಗ ದಾರಿ ತಿಳೀತದಲ್ರಿ?”

“ನನ್ನ ಎತ್ತಿಗೆ ಕಣ್ಣ ಮುಚ್ಚಿದ್ರೂ ತಿಳೀತದ, ತಂಗಿ” ಎಂದ ಬೀರಣ್ಣ.

“ಇದ್ರಾಗ ಎಷ್ಟ ಮಂದಿ ಕೂಡಬಹುದು?”

“ಇಬ್ರೇ” ಎಂದ ಶಿವರಾಯ, ತಪ್ಪೊಪ್ಪಿಕೊಳ್ಳುವವನಂತೆ.

“ಹಂಗಾದ್ರ ಸರೀರಿ” ಎಂದಳು ಶಿವಕಾಂತಾ. ಸೀರೆ ಎತ್ತಿ ಹಿಡಿದು ಒಳಗೆ ಬಂದು ಕೂತಳು.

“ಅಯ್ಯ, ಬಂಡ್ಯಾಗ ಜಾಗಾ ಅದ ಬಾರವ್ವ!” ಎಂದು ದೊಡ್ಡಮ್ಮ ಕೂಗಿದಳು. ಆಡಿನ ಮರಿಯೂ ಕೂಗಿತು. ಶಿವಕಾಂತಾ ಕೇಳಿಸದವಳಂತೆ ಸೆರಗು ಹೊದ್ದಳು. ಎತ್ತುಗಳು ಹೆಜ್ಜೆ ಹಾಕಿದವು. ಬಂಡಿ ಮುಂದೆ ಹೋಗಿ ಮಂಜಿನಲ್ಲಿ ಮಾಯವಾಯಿತು. ಅದರ ಗೆಜ್ಜೆಯ ಸದ್ದೂ ದೂರವಾಯಿತು. ಬೀರಣ್ಣ ಎತ್ತಿನ ತಲೆಯ ಹತ್ತಿರ ನಡೆಯುತ್ತಿದ್ದ. ಅವನ ಬೆನ್ನು ಮಾತ್ರ ಆಗಾಗ ತೋರುತ್ತಿತ್ತು.

ಸುತ್ತ ಏನೂ ಇರಲಿಲ್ಲ. ಅತ್ತೆಯಿಲ್ಲ, ಕಂಬವಿಲ್ಲ, ಭರಣಿಯಿಲ್ಲ.

“ಈಗ ಮಾತಾಡ್ರಿ” ಎಂದಳು ಶಿವಕಾಂತಾ ಮೆಲ್ಲಗೆ.

ದೀಪಾವಳಿಯಿಂದ ಶಿವರಾಯ ಕೂಡಿಟ್ಟುಕೊಂಡಿದ್ದ ಮಾತುಗಳೆಲ್ಲ ಒಮ್ಮೆಲೇ ಎದ್ದು ಹಾರಿಹೋದವು. “ಬ್ಯಾಟರಿ ಖಾಲಿ ಆಗೂದಕ್ಕ ಕಾರಣ ಏನಂದ್ರ, ಎಂಜಿನ್ ನಿಂತಾಗ—”

“ಬ್ಯಾಟರಿ ಬಿಡ್ರಿ.”

“ಬಿಟ್ಟೆ.” ಅವನು ಬೇರೆ ಮಾತು ಹುಡುಕಿದ. ದಾರಿ ಮುಗಿದುಬಿಟ್ಟರೆ ಎಂಬ ಚಿಂತೆ ಶುರುವಾಯಿತು. ಕೊನೆಗೆ ಕೇಳಿದ. “ಚಳಿ ಆಗಾಕತ್ತದೇನು?”

“ಆಗಾಕತ್ತದ್ರಿ.”

ಅವನಿಗೆ ಹೊದ್ದಿಸಲು ಶಾಲು ಇತ್ತು. ಆದರೆ ಎರಡೂ ಕೈ ಚಕ್ರದ ಮೇಲಿದ್ದವು; ಬಿಟ್ಟರೆ ಮೋಟಾರು ಅಡ್ಡ ಹೋಗಬಹುದು. ಒಂದು ಕೈಯಲ್ಲಿ ಹಿಡಿಯಬಹುದೇ, ಅದು ಸುರಕ್ಷಿತವೇ ಎಂದು ಅವನು ಲೆಕ್ಕ ಹಾಕುತ್ತಿರುವಾಗ ಶಿವಕಾಂತಾ ಬಗ್ಗಿ, ಬಳೆ ಸದ್ದು ಮಾಡುತ್ತ, ಎರಡೂ ಕೈಯಿಂದ ಚಕ್ರ ಹಿಡಿದಳು.

“ಇದನ್ನ ನಾ ಹಿಡದೇನಿ” ಎಂದಳು. “ನೀವು ಹೊದ್ದಸ್ರಿ.”